ಮೂರನೆಯ ತೂತಿಗೆ ಮೇಣ

ಪೂಜ್ಯ ಆನಂದ ಮಾವನಿಗೆ, ನಿಮ್ಮ ಅಕ್ಕನ ಮಗ ಸದಾಶಿವ ಮಾಡುವ ನಮಸ್ಕಾರಗಳು.

ನಾಲ್ಕು ಜನರೆದುರು ಎದ್ದು ನಿಂತರೆ ಮೊದಲು ಸಭೆಗೆ ಕೈಮುಗಿಯಬೇಕೆಂದು ಕಲಿಸಿದವರು ನೀವೇ. ಆದ್ದರಿಂದ ಒಂದು ಕ್ಷಣ ತಡೆದುಕೊಳ್ಳಿ. ಹೆಮ್ಮಾಡಿಯ ನಮ್ಮ ಶೆಡ್ಡಿನ ಮುಂದೆ ಈ ಬೆಳಿಗ್ಗೆ ಬಂದು ಕುಳಿತಿರುವ ಹಿರಿಯರಿಗೆ, ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಂದ ಕೆಲಸ ಬಿಟ್ಟು ಬಂದ ಗ್ಯಾರೇಜಿನವರಿಗೆ, ಮಕ್ಕಳನ್ನು ಕರೆತಂದ ತಾಯಂದಿರಿಗೆ, ಬೆಂಚು ಸಾಲದೆ ಹಳೆಯ ಟಯರುಗಳ ಮೇಲೆ ಕುಳಿತ ಹುಡುಗ ಹುಡುಗಿಯರಿಗೆ ನಮಸ್ಕಾರ. ಪಕ್ಕದ ಜಾಗವನ್ನು ಪಾಠಕ್ಕೆಂದು ಬಿಟ್ಟುಕೊಟ್ಟ ಹಿರಿಯರಿಗೆ ಈ ಮಕ್ಕಳ ಪರವಾಗಿ ಕೃತಜ್ಞತೆ. ಇನ್ನು ನಾನು ಭಾಷಣ ಮಾಡಬೇಕಿತ್ತು. ಆದರೆ ನನಗೆ ಹೇಳಲಿಕ್ಕಿರುವುದೆಲ್ಲ ಇರುವುದು ನಿಮ್ಮ ಹತ್ತಿರ, ಮಾವ. ನಿಮಗೆ ಬರೆದದ್ದನ್ನು ಓದುತ್ತೇನೆ; ಇವರೂ ಕೇಳಿಸಿಕೊಳ್ಳಲಿ. ಕೇಳಿಸಿಕೊಳ್ಳಲೇಬೇಕು. ಏಕೆಂದರೆ ನಮ್ಮ ಶೆಡ್ಡಿನ ಹುಡುಗಿಯ ಮೇಲೆ ನೀವು ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಈ ಮೂರು ಊರಿನವರು ಇವತ್ತಿಗೂ ಕೈಬಿಟ್ಟಿಲ್ಲ: 'ಶ್ವೇತಾ ಕೈ ಹಾಕಿದ ಗಾಡಿ ಉಳಿಯುವುದಿಲ್ಲ.' ಆಡಿದವರು ನೀವು, ಹಿಂದಕ್ಕೆ ತೆಗೆದುಕೊಳ್ಳಬೇಕಾದವರೂ ನೀವು. ನೀವೋ, ನಮ್ಮ ಜಗಳ ಅರ್ಧದಲ್ಲಿರುವಾಗಲೇ ಎದ್ದು ಹೊರಟುಹೋದಿರಿ. ಹೀಗೆ ಮಾಡಬಹುದೇ?

ಕೊಂಕಣ ರೈಲಿನ ಹಳಿಯ ಕೆಲಸ ಇನ್ನೂ ಪೂರ್ತಿಯಾಗದಿದ್ದ ಆ ಮಳೆಗಾಲ ನಿಮಗೆ ನೆನಪಿರಬೇಕು. ಹುಡುಗರಿಗೆ ವಾಹನಗಳ ವಿದ್ಯುತ್ತಿನ ಪಾಠ ಹೇಳುತ್ತಿದ್ದ ನಾನು ರಜೆ ಸಿಕ್ಕಾಗಲೆಲ್ಲ ಕುಂದಾಪುರದ ನಿಮ್ಮ ಶೆಡ್ಡಿಗೆ ಬಂದು ಕೂರುತ್ತಿದ್ದೆ. ಹೆಡ್‌ಲೈಟು ಕೆಟ್ಟ ಬಸ್ಸೊಂದು ಬಂದು ನಿಂತರೆ ನೀವು ಅಂಗಿಯ ಜೇಬಿನಿಂದ ನಿಮ್ಮ ಟೆಸ್ಟ್ ಲ್ಯಾಂಪು ತೆಗೆಯುತ್ತಿದ್ದಿರಿ: ಒಂದು ಹೋಲ್ಡರು, ಅದರಲ್ಲೊಂದು ಪುಟ್ಟ ಬಲ್ಬು, ಎರಡು ವಯರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿ ಹೊಲಿಯುವ ದಬ್ಬಳ. ಕ್ಲಿಪ್ಪನ್ನು ಬಸ್ಸಿನ ಮೈಗೆ ಸಿಕ್ಕಿಸಿ ದಬ್ಬಳವನ್ನು ವಯರಿಗೆ ಚುಚ್ಚಿದರೆ, ಕರೆಂಟು ಇದ್ದಲ್ಲಿ ಬಲ್ಬು ಹತ್ತುವುದು, ಇಲ್ಲದಿದ್ದರೆ ಇಲ್ಲ. ಒಂದೇ ಕಡೆ ಚುಚ್ಚಿ ನಂಬುವವರಲ್ಲ ನೀವು. ಬೆರಳಗಲ ಬಿಟ್ಟು ಮೂರು ಸಲ. "ಒಂದ್ ದೇವ್ರಿಗೆ, ಒಂದ್ ಗಿರಾಕಿಗೆ, ಒಂದ್ ನನ್ ಸಮಾಧಾನಕ್ಕೆ." ಆಮೇಲೆ ಮೊಳೆಗೆ ನೇತುಹಾಕಿದ್ದ ಕೋಲನ್ನು ಇಳಿಸಿ, ಅದರ ತುದಿಗೆ ಸುತ್ತಿಟ್ಟ ಹಲಸಿನ ಮೇಣವನ್ನು ಬೆಂಕಿಕಡ್ಡಿಯ ಉರಿಗೆ ಹಿಡಿದು, ಮೂರು ತೂತುಗಳಿಗೂ ಒಂದೊಂದು ಬೊಟ್ಟು. ಇನ್ಸುಲೇಶನ್ ಟೇಪು ಇದೆಯಲ್ಲ ಮಾವ, ಇದೆಂಥ ಕಾಲದ ಪದ್ಧತಿ ಎಂದು ಕೇಳಿದ್ದಕ್ಕೆ ನೀವು ನಕ್ಕಿದ್ದಿರಿ. "ಟೇಪ್ ಮಳಿಗೆ ಬಿಚ್ಕಂತ್ ಮಾರಾಯ. ಇದ್ ಕಡ್ಲ್ ಗಾಳಿ. ಒಂದ್ ತೂತ್ ಸಿಕ್ಕಿರೆ ಸಾಕ್, ಒಳ್ಗ್ ಹೊಕ್ಕಿ ಸಂಸಾರ ಹೂಡುತ್ತ್." ಎಷ್ಟು ಸರಿಯಾಗಿ ಹೇಳಿದ್ದಿರಿ! ಅಷ್ಟು ಸರಿಯಾಗಿ ತಿಳಿದಿದ್ದ ನೀವು...

ಇರಲಿ. ನಿಮ್ಮ ಶೆಡ್ಡು ಮುಚ್ಚಿ, ನಾನು ಹೆಮ್ಮಾಡಿಯಲ್ಲಿ ನನ್ನದನ್ನು ತೆರೆದು, ನೀವು ಮೇಣದ ಕೋಲನ್ನು ನನ್ನ ಗೋಡೆಯ ಮೊಳೆಗೆ ನೇತುಹಾಕಿ, ದಿನವೂ ಬಸ್ಸು ಹಿಡಿದು ಬಂದು ಬಾಗಿಲ ಬಳಿಯ ಬೆಂಚನ್ನು ನಿಮ್ಮದಾಗಿಸಿಕೊಂಡ ಮೇಲಿನ ಮಾತು ಇದು. ಹೊಸ ಬಗೆಯ ವ್ಯಾನೊಂದು ಮೊದಲ ಬಾರಿಗೆ ಬಂದ ದಿನ ನೀವು ಬಾನೆಟ್ಟಿನೊಳಗೆ ಬಗ್ಗಿ, "ಇದ್ರಾಗೆ ವಯರೇ ಇಲ್ಯಲೆ! ಕಳ್ರ್ ಹೊತ್ಕಂಡ್ ಹೋದ್ರಾ?" ಎಂದಿರಿ. ಎಂಜಿನ್ನಿಗೊಂದು, ಬ್ರೇಕಿಗೊಂದು, ಮುಂದಿನ ಮೀಟರುಗಳಿಗೊಂದು ಪುಟ್ಟ ಕಂಪ್ಯೂಟರು ಇದೆ. ಅವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಎರಡೇ ಎರಡು ಸಪೂರ ವಯರುಗಳ ಮೇಲೆ ಸರದಿಯಂತೆ ಮಾತಾಡಿಕೊಳ್ಳುತ್ತವೆ ಎಂದು ವಿವರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಕೊನೆಗೆ ಕೈಗೆ ಸಿಕ್ಕಿದ್ದು ನಿಮ್ಮದೇ ಹಳೆಯ ಕತೆ. ಪ್ರಾಯದಲ್ಲಿ ನೀವು ಮರವಂತೆಯ ದಡದಲ್ಲಿ ರಂಪಣಿ ಬಲೆ ಎಳೆದವರು. ಬಲೆಯ ಒಂದು ಹಗ್ಗ ದಡದ ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ. ಎರಡೂ ಕಡೆ ಜನ ಹಿಡಿದು ನಿಂತರೆ ಮಾತ್ರ ನಡುವಿನ ಮೀನು ನಮ್ಮದು. ಇಲ್ಲಿಯೂ ಹಾಗೆಯೇ, ಮಾವ. ಆ ಜೋಡಿ ವಯರಿನ ಎರಡು ತುದಿಗಳಲ್ಲಿ ಒಂದೊಂದು ತಡೆ, ಅಂದರೆ ರೆಸಿಸ್ಟರು, ಹಿಡಿದು ನಿಂತಿದೆ, ಒಂದೊಂದೂ ನೂರಿಪ್ಪತ್ತು ಓಮ್. ಎರಡೂ ಒಟ್ಟಿಗೆ ಹಿಡಿದಿದ್ದರೆ ಮೀಟರು ಅರವತ್ತು ತೋರಿಸುತ್ತದೆ. ಒಂದು ಕಡೆಯವರು ಹಗ್ಗ ಬಿಟ್ಟರೆ ನೂರಿಪ್ಪತ್ತು. ಎಲ್ಲ ಕೇಳಿಸಿಕೊಂಡು ನೀವು ಕೇಳಿದ್ದು ಇಷ್ಟೇ: "ಬಲ್ಬ್ ಹತ್ತುತ್ತಾ?" ಹತ್ತುವುದಿಲ್ಲ, ಅದಕ್ಕೆ ಬಲ್ಬು ಹಚ್ಚಲೂಬಾರದು, ಚುಚ್ಚಲೂಬಾರದು ಎಂದೆ. "ಬಲ್ಬ್ ಹತ್ತದ್ ಕರೆಂಟ್ ಎಂತ ಕರೆಂಟ್ ಮಾರಾಯ!" ಎಂದು ಚಹಾ ಕುಡಿಯಲು ಹೋದಿರಿ.

ನಿಮ್ಮೊಬ್ಬರ ಮೇಲೆಯೇ ಹರಿಹಾಯುವುದು ನ್ಯಾಯವಲ್ಲ. ಆ ದಿನಗಳಲ್ಲಿ ಸ್ಕ್ಯಾನರು ಕೈಗೆ ಬಂದ ನಮ್ಮ ಹುಡುಗರು ಹತ್ತಿಸಿದ ಸಿಟ್ಟೂ ಕಡಿಮೆಯದಲ್ಲ. ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗಿನ ಪ್ಲಗ್ಗಿಗೆ ಚುಚ್ಚುವುದು, 'ಎಂಜಿನ್ ಕಂಪ್ಯೂಟರಿನ ಜೊತೆ ಸಂಪರ್ಕವಿಲ್ಲ' ಎಂದು ಅದು ತೋರಿಸುವುದು, ಕೂಡಲೇ ಗಿರಾಕಿಗೆ ಹೇಳುವುದು: ಕಂಪ್ಯೂಟರು ಸತ್ತಿದೆ, ಹೊಸದು ಹಾಕಬೇಕು. ಅಲ್ಲ, ಮನೆಯವರು ಫೋನು ಎತ್ತಲಿಲ್ಲವೆಂದು ಯಾರಾದರೂ ಅವರ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಹೇಳಿಕೆ ಕೊಡುತ್ತಾರೆಯೇ? ದಾರಿಯಲ್ಲಿ ತಂತಿ ತುಂಡಾಗಿರಬಹುದು, ಕಂಬ ಬಿದ್ದಿರಬಹುದು. ಮಾತು ತಲುಪಲಿಲ್ಲ ಎನ್ನುವುದು ಬೇರೆ, ಮಾತಾಡುವವನೇ ಇಲ್ಲ ಎನ್ನುವುದು ಬೇರೆ. ಈ ಒಂದು ವಾಕ್ಯವನ್ನು ಎಷ್ಟು ಮಕ್ಕಳಿಗೆ ಎಷ್ಟು ವರ್ಷ ಹೇಳಿದೆನೋ. (ನಿಮಗೆ ಈಗ ಫೋನು ಹೋಗುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ನನ್ನ ಪಾಠಕ್ಕೆ ನಾನಾದರೂ ನಿಷ್ಠನಾಗಿರಬೇಕಲ್ಲ.)

ಆ ವಾಕ್ಯ ಮೊದಲ ಸಲಕ್ಕೇ ತಲೆಗೆ ಹೋದದ್ದು ಕಿರಿಮಂಜೇಶ್ವರದ ಶ್ವೇತಾಳಿಗೆ. ತಾಯಿ ಬುಟ್ಟಿಯಲ್ಲಿ ಮೀನು ಹೊತ್ತು ಮಾರಿ ಓದಿಸಿದ ಹುಡುಗಿ. ತಾಯಿಯೇ ಕರೆತಂದು ಶೆಡ್ಡಿನೆದುರು ನಿಲ್ಲಿಸಿ, "ಇದ್ಕೆ ವಯರ್ ಹುಚ್ಚ್, ಕಾಣಿ. ಮನಿ ಮಿಕ್ಸಿ ಪೂರಾ ಬಿಚ್ಚಿ ಹಾಕಿತ್ತ್. ನೀವೇ ಇಟ್ಕಣಿ" ಎಂದಿದ್ದರು. ನೀವು ಬೆಂಚಿನಿಂದಲೇ, "ಮಿಕ್ಸಿ ಮತ್ತ್ ತಿರ್ಗಿತಾ?" ಎಂದು ಕೇಳಿದಿರಿ. "ತಿರ್ಗಿತ್ತ್ ಅಜ್ಜ, ಉಲ್ಟಾ" ಎಂದಳು ಅವಳು. ನಿಮ್ಮ ಆ ದಿನದ ನಗು ನನಗಿನ್ನೂ ಕೇಳಿಸುತ್ತದೆ. ಬೆಸುಗೆ ಹಾಕುವುದನ್ನು ಅವಳಿಗೆ ಕಲಿಸಿದ್ದು ನಾನಲ್ಲ, ನೀವು. ಮಧ್ಯಾಹ್ನದ ನಿಮ್ಮ ಬುತ್ತಿಯ ಹುರಿದ ಮೀನಿನಲ್ಲಿ ಅವಳಿಗೊಂದು ಪಾಲು ಇದ್ದೇ ಇರುತ್ತಿತ್ತು. ಅಂಥ ಹುಡುಗಿಯ ಮೇಲೆ ಆ ಮಾತು ನಿಮ್ಮ ಬಾಯಿಂದ ಹೇಗೆ ಬಂತು?

ನಿಮ್ಮ ಕಣ್ಣಿನ ಸಂಗತಿ ಇಲ್ಲಿ ಹೇಳದೆ ವಿಧಿಯಿಲ್ಲ. ಒಂದು ಸಂಜೆ ಬಸ್ಸಿನ ಬೋರ್ಡು ಓದಲಾಗದೆ ಬೈಂದೂರಿನ ಬಸ್ಸು ಹತ್ತಿ ಹೋಗಿದ್ದಿರಿ. ಕುಂದಾಪುರದಲ್ಲಿ ಕಾದು ಕುಳಿತ ಅತ್ತೆಗೆ, ಹಳೆಯ ಸ್ನೇಹಿತನನ್ನು ಕಾಣಲು ಹೋಗಿದ್ದೆ ಎಂದು ಕತೆ ಕಟ್ಟಿದಿರಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತೆಗೆಸಿ ಎಂದು ನಾನು, ಅತ್ತೆ, ಕಣ್ಣಿನ ಡಾಕ್ಟರು ಎಲ್ಲರೂ ಹೇಳಿದೆವು. "ವಯರ್ ಕಾಂಬುಕ್ ಕಣ್ಣ್ ಬ್ಯಾಡ, ಬೆರ್ಳ್ ಸಾಕ್" ಎಂದಿರಿ. ಕತ್ತಲಲ್ಲಿ ಕೆಲಸ ಮಾಡಿದ ಬೆರಳುಗಳು, ಅವುಗಳ ಮೇಲೆ ನಿಮಗೆ ಅಷ್ಟು ನಂಬಿಕೆ. ಬಸ್ಸಿನ ದಪ್ಪ ವಯರಿಗಾದರೆ ಅದು ಸರಿಯೇ ಇತ್ತು, ಮಾವ. ನೂಲಿನಷ್ಟು ಸಪೂರದ್ದಕ್ಕೆ?

ಬೈಂದೂರಿನ ಚಂದ್ರ ತನ್ನ ವ್ಯಾನು ತಂದ ದಿನ ನಾನು ಬ್ರಹ್ಮಾವರಕ್ಕೆ ಪಾಠ ಮಾಡಲು ಹೋಗಿದ್ದೆ. ಬೈಂದೂರಿನ ರೈಲು ನಿಲ್ದಾಣದಿಂದ ಕೊಲ್ಲೂರಿಗೆ ಯಾತ್ರಿಕರನ್ನು ಕರೆದೊಯ್ಯುವ ಆ ವ್ಯಾನಿನ ಎಡಗಡೆಯ ಹೆಡ್‌ಲೈಟು ಹತ್ತುತ್ತಿರಲಿಲ್ಲ. ಶ್ವೇತಾ ಊಟಕ್ಕೆ ಹೋಗಿದ್ದಳು. ನೀವೇ ಬಾನೆಟ್ಟು ಎತ್ತಿ, ದೀಪದ ಹಿಂದಿನ ವಯರಿನ ಕಟ್ಟಿನಲ್ಲಿ ಹುಡುಕಿ, ಅರ್ತ್ ವಯರನ್ನು ಗಾಡಿಯ ಮೈಗೆ ಬಿಗಿಯುವ ತುಕ್ಕು ಹಿಡಿದ ಬೋಲ್ಟನ್ನು ಉಜ್ಜಿ ಬಿಗಿಮಾಡಿ ದೀಪ ಹತ್ತಿಸಿದಿರಿ. ಒಳ್ಳೆಯ ಕೆಲಸ, ಅದರಲ್ಲಿ ನನ್ನ ತಕರಾರಿಲ್ಲ. ಊಟ ಮುಗಿಸಿ ಬಂದ ಶ್ವೇತಾ ಸ್ಕ್ಯಾನರು ಹಚ್ಚಿ, ಹಳೆಯ ಎಚ್ಚರಿಕೆಯೊಂದನ್ನು ಅಳಿಸಿ, ಗಾಡಿಯನ್ನು ಕಳುಹಿಸಿದಳು. ಅವಳು ಆ ವ್ಯಾನಿಗೆ ಮಾಡಿದ್ದು ಅಷ್ಟೇ. ಒಂದು ಬಟನ್ನು ಒತ್ತಿದ್ದು.

ಮಳೆಗಾಲ ಹಿಡಿದ ಮೇಲೆ, ಕೊಲ್ಲೂರಿಗೆ ಹೋಗುವ ಕಾಡಿನ ರಸ್ತೆಯಲ್ಲಿ, ಯಾತ್ರಿಕರು ತುಂಬಿದ್ದಾಗ ಆ ವ್ಯಾನು ನಿಂತುಹೋಯಿತು. ಮುಂದಿನ ಮೀಟರಿನ ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದು, ಇದ್ದಬದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿದುವಂತೆ. ಸ್ವಲ್ಪ ಹೊತ್ತಿಗೆ ತಾನೇ ಸರಿಯಾಯಿತು, ಮತ್ತೆ ನಿಂತಿತು. ಪೂಜೆಯ ಹೊತ್ತು ತಪ್ಪಿದ ಯಾತ್ರಿಕರ ಬೈಗುಳ ತಿಂದು ಬಂದ ಚಂದ್ರ ನಮ್ಮ ಅಂಗಳದಲ್ಲಿ ನಿಂತು ಕೂಗಿದ: "ಹ್ವಾಯ್ ಸದಣ್ಣ, ನಿಮ್ ಹೆಣ್ಣ್ ಎಂತದೋ ಒತ್ತಿ ಕಂಪ್ಯೂಟರ್ ತಲಿ ಕೆಡ್ಸಿ ಹಾಕಿತ್ತ್! ಅಲ್ಲಿಂದ್ಲೇ ಶುರುವಾದ್ದ್ ಇದ್!" ಸ್ಕ್ಯಾನರಿನಲ್ಲಿ ಬಂದದ್ದು ಅದೇ ಸಾಲು, ಎಂಜಿನ್ ಕಂಪ್ಯೂಟರಿನ ಜೊತೆ ಸಂಪರ್ಕವಿಲ್ಲ. ಶ್ವೇತಾ ಮೆಲ್ಲಗೆ, "ವಯರ್ ಕಾಂಬ ಸರ್, ಕಂಪ್ಯೂಟರ್ ಅಲ್ಲ ಇದ್" ಎಂದಳು. ಆಗ, ಅಂಗಳದಲ್ಲಿ ಹತ್ತು ಜನ ನಿಂತಿರುವಾಗ, ಬೆಂಚಿನಿಂದ ನಿಮ್ಮ ದನಿ ಬಂತು. "ವಯರ್ ನಾನ್ ಕಂಡಿದ್ದೆ. ವಯರಿಗೆ ಎಂತ ಆಯ್ಲಿಲ್ಲ. ಇದ್ ಕೈ ಹಾಕಿದ್ ಗಾಡಿ ಉಳಿತಿಲ್ಲೆ."

ನಲವತ್ತು ವರ್ಷ ಈ ಕರಾವಳಿಯ ಬಸ್ಸುಗಳಿಗೆ ದೀಪ ಹತ್ತಿಸಿದ ಮೇಸ್ತ್ರಿಯ ಮಾತು ಅದು. ಅದಕ್ಕಿರುವ ತೂಕ ನಿಮಗೆ ಗೊತ್ತಿರಲಿಲ್ಲವೇ? ಚಂದ್ರ ವ್ಯಾನನ್ನು ಆಗಲೇ ತಿರುಗಿಸಿಕೊಂಡು ಹೊರಟುಹೋದ. ಮರುದಿನದಿಂದ ಗಿರಾಕಿಗಳು, "ಆ ಹುಡ್ಗಿ ಮುಟ್ಟುದ್ ಬ್ಯಾಡ, ಆತಾ?" ಎಂದು ಮೊದಲೇ ಹೇಳಿ ಬಾನೆಟ್ಟು ಎತ್ತತೊಡಗಿದರು. ನಾನು ಜಗಳವಾಡಿದೆ, ಅವಳ ಪರ ವಾದಿಸಿದೆ, ಒಬ್ಬಿಬ್ಬರು ಗಿರಾಕಿಗಳನ್ನು ವಾಪಸ್ಸೂ ಕಳುಹಿಸಿದೆ. ಅದನ್ನು ಕಂಡು ಅವಳೇ ಒಂದು ದಿನ ಸ್ಕ್ಯಾನರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, "ನನ್ನಿಂದ ನಿಮ್ ಶೆಡ್ ಮುಚ್ಚುದ್ ಬ್ಯಾಡ ಸರ್" ಎಂದು ಹೋದಳು. ಬೇರೆ ಗ್ಯಾರೇಜುಗಳಲ್ಲಿ ಕೇಳಿದಳು. ಅಲ್ಲಿಗೂ ನಿಮ್ಮ ಮಾತು ಅವಳಿಗಿಂತ ಮೊದಲೇ ತಲುಪಿತ್ತು. ಕೊನೆಗೆ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಬೆಸುಗೆ ಹಾಕುತ್ತಿದ್ದ ಬೆರಳುಗಳು ಬೀಜ ಒಡೆಯತೊಡಗಿದವು.

ನಮ್ಮ ಕೊನೆಯ ಮಾತುಕತೆ ಎಲ್ಲಿ ನಿಂತಿತು ಹೇಳಿ? ನಾನು ಕೇಳಿದ್ದೆ: ಮಾವ, ಆ ದಿನ ಹೆಡ್‌ಲೈಟು ನೋಡುವಾಗ ಅಲ್ಲೇ ಹೆಣೆದುಕೊಂಡಿದ್ದ ಜೋಡಿ ವಯರಿಗೆ ದಬ್ಬಳ ಹಾಕಿದಿರಾ? ನೀವು ಉರಿದುಬಿದ್ದಿರಿ. "ಅದನ್ ನಾನ್ ಮುಟ್ಟಲೇ ಇಲ್ಲೆ. ನಂಗೆ ಕಣ್ಣ್ ಕಾಂತಿಲ್ಯಾ?" ಕಾಣುವುದಿಲ್ಲ ಎಂದೇ ನಾನು ಹೇಳುತ್ತಿರುವುದು ಎಂದೆ. ನೀವು ಎದ್ದು, ಕೊಡೆ ಬಿಡಿಸಿ, ತಿರುಗಿ ನೋಡದೆ ಬಸ್ಸಿಗೆ ಹೋದಿರಿ. ನಾಳೆ ಬಂದಾಗ ಮುಂದುವರಿಸೋಣ ಎಂದುಕೊಂಡೆ. ನೀವು ಬರಲಿಲ್ಲ. ಎದೆನೋವೆಂದು ಅತ್ತೆ ಫೋನು ಮಾಡುವ ಹೊತ್ತಿಗೆ... ನಾನು ಬಂದಾಗ ನಿಮ್ಮ ಅಂಗಿ ಇನ್ನೂ ಗೋಡೆಯ ಮೇಲಿತ್ತು, ಜೇಬಿನಲ್ಲಿ ಟೆಸ್ಟ್ ಲ್ಯಾಂಪಿನ ಜೊತೆಗೆ.

ಚಂದ್ರ ದೂರದ ಪೇಟೆಗೆ ವ್ಯಾನನ್ನು ಒಯ್ದು, ಹೆಂಡತಿಯ ಬಳೆ ಮಾರಿ, ಹೊಸ ಎಂಜಿನ್ ಕಂಪ್ಯೂಟರು ಹಾಕಿಸಿಕೊಂಡು ಬಂದ. ಬೇಸಿಗೆ ಪೂರ್ತಿ ವ್ಯಾನು ಚೆನ್ನಾಗಿಯೇ ಓಡಿತು. ನೋಡಿ, ನಾವು ಹೇಳಿದ್ದೇ ಸರಿ ಎಂದರು ಊರವರು. ಮುಂದಿನ ಮಳೆಗಾಲದ ಮೊದಲ ವಾರದಲ್ಲಿ, ಅದೇ ರಸ್ತೆಯಲ್ಲಿ, ಮತ್ತೆ ಮುಳ್ಳುಗಳು ಸೊನ್ನೆಗೆ ಬಿದ್ದವು. ಈಗಲಾದರೂ ಜನಕ್ಕೆ ಹೊಳೆಯಬೇಕೇ ಬೇಡವೇ? ಇಲ್ಲ. 'ಆ ಹುಡುಗಿಯ ಕೈಗುಣ ಹೊಸ ಕಂಪ್ಯೂಟರಿಗೂ ತಾಗಿದೆ' ಎಂದರು! ಅವಳು ಆ ಹೊಸ ಪೆಟ್ಟಿಗೆಯನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಇಂಥವರ ಜೊತೆ ಏನು ವಾದ ಮಾಡುವುದು, ಮಾವ? ಮೀಟರಾದರೆ ತಪ್ಪು ತೋರಿಸಿದರೆ ಬ್ಯಾಟರಿ ಬದಲಿಸಬಹುದು.

ಚಂದ್ರ ಬೇರೆ ದಾರಿಯಿಲ್ಲದೆ ನನ್ನ ಅಂಗಳಕ್ಕೆ ಬಂದ ಬೆಳಿಗ್ಗೆ ನಾನು ಬಾನೆಟ್ಟು ಎತ್ತಲಿಲ್ಲ. ಸೀದಾ ಗೇರುಬೀಜದ ಕಾರ್ಖಾನೆಯ ಗೇಟಿಗೆ ಹೋದೆ. ಬಿಡುವಿನ ಹೊತ್ತಿನಲ್ಲಿ ಹೊರಗೆ ಬಂದ ಶ್ವೇತಾಳ ಬೆರಳುಗಳು ಬೀಜದ ಎಣ್ಣೆಯಿಂದ ಕಪ್ಪಾಗಿ ತುದಿಯಲ್ಲಿ ಸುಲಿದಿದ್ದವು.

"ನಾ ಬತ್ತಿಲ್ಲೆ ಸರ್. ನಾ ಮುಟ್ಟಿರೆ ಮತ್ತ್ ಹಾಳಾಯ್ತ್ ಅಂತ್ರ್."

"ಹಾಳಾದ್ದೇ ಇತ್ತಲೆ ಮಾರಾಯ್ತಿ, ಇನ್ನೆಂತ ಹಾಳ್ ಮಾಡುಕಿತ್ತ್ ನೀನ್?"

ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟೂ ಬಂತು. "ಅಜ್ಜ ಇದ್ದಿದ್ರೆ ಬತ್ತಿದ್ದೆ" ಎಂದಳು. "ಅವ್ರೆದುರೇ ತೋರ್ಸುಕಿತ್ತ್ ನಂಗೆ." ಆಮೇಲೆ ಗೇಟಿನ ಸರಳು ಹಿಡಿದು, "ನಾಡ್ದ್ ರಜೆ. ಬತ್ತೆ" ಎಂದಳು.

ಆ ರಜೆಯ ದಿನವನ್ನು ನೀವು ಬೆಂಚಿನ ಮೇಲೆ ಕುಳಿತು ನೋಡಬೇಕಿತ್ತು. ಅವಳು ಬಂದವಳೇ ಗಾಡಿ ಮುಟ್ಟಲಿಲ್ಲ. ಚಂದ್ರನನ್ನು ಮುಟ್ಟಿ ನೋಡಿದಳು, ಮಾತಿನಿಂದ. ಯಾವಾಗ ನಿಲ್ಲುತ್ತದೆ? ಒಣ ರಸ್ತೆಯಲ್ಲೋ, ಮಳೆಯಲ್ಲೋ? ನಿಂತಾಗಲೋ, ಹೊಂಡಕ್ಕೆ ಇಳಿದಾಗಲೋ? "ಮಳಿಲಿ ಹೊಂಡಕ್ಕೆ ಬಿದ್ರೆ" ಎಂದ ಚಂದ್ರ, ಮುಖ ಎತ್ತದೆ. "ಎಡ್ದ್ ಚಕ್ರ ಬಿದ್ರೆ ಜಾಸ್ತಿ." ಬ್ಯಾಟರಿಯ ತಂತಿ ಕಳಚಿ, ಒಳಗಿನ ಕಂಪ್ಯೂಟರುಗಳೆಲ್ಲ ನಿದ್ದೆ ಹೋಗುವವರೆಗೆ ಕಾದು, ಸ್ಟೀರಿಂಗಿನ ಕೆಳಗಿನ ಪ್ಲಗ್ಗಿಗೆ ಮೀಟರು ಹಿಡಿದಳು. ಅರವತ್ತು. ಸರಿಯಾಗಿ ಅರವತ್ತು! ಕೆಟ್ಟ ಗಾಡಿ ಪರೀಕ್ಷೆಯ ಹೊತ್ತಿಗೆ ಸರಿಯಿರುವುದರಷ್ಟು ತಲೆಕೆಡಿಸುವ ಸಂಗತಿ ಈ ಕಸುಬಿನಲ್ಲಿ ಇನ್ನೊಂದಿಲ್ಲ. ಚಂದ್ರ ನಿಟ್ಟುಸಿರು ಬಿಟ್ಟ. ನಾನು ಒಳಗೇ ಹಲ್ಲು ಕಚ್ಚಿದೆ. ಅವಳು ಮಾತ್ರ, "ಸರ್, ನೀವ್ ಮೀಟರ್ ಕಾಣಿ. ನಾ ವಯರ್ ಅಲುಗುಸ್ತೆ" ಎಂದು ಬಾನೆಟ್ಟಿನ ಬಳಿ ಹೋದಳು.

ಬಲಗಡೆಯಿಂದ ಶುರುಮಾಡಿ ಗೇಣು ಗೇಣಾಗಿ ವಯರಿನ ಕಟ್ಟನ್ನು ಮೆಲ್ಲಗೆ ಬಾಗಿಸುತ್ತ ಬಂದಳು. ಅರವತ್ತು, ಅರವತ್ತು ಎಂದು ನಾನು ಕೂಗುತ್ತಲೇ ಇದ್ದೆ. ಎಡಗಡೆಯ ಹೆಡ್‌ಲೈಟಿನ ಹಿಂದೆ ಅವಳ ಕೈ ಹೋದಾಗ ಮೀಟರು ಒಮ್ಮೆಲೇ ಹಾರಿತು. ನೂರಿಪ್ಪತ್ತು. ಬಿಟ್ಟರೆ ಅರವತ್ತು, ಬಾಗಿಸಿದರೆ ನೂರಿಪ್ಪತ್ತು. ಎಂಜಿನ್ ಕಂಪ್ಯೂಟರಿರುವ ತುದಿಯವರು ರಂಪಣಿಯ ಹಗ್ಗ ಬಿಡುತ್ತಿದ್ದರು, ಮಾವ. ಆ ಕಂಪ್ಯೂಟರು ಸತ್ತಿರಲಿಲ್ಲ, ಹಳೆಯದೂ ಸತ್ತಿರಲಿಲ್ಲ. ಅದರ ಮಾತು ಬರುವ ದಾರಿ ತುಂಡಾಗಿತ್ತು. ಹೊಸದನ್ನು ಜೋಡಿಸುವಾಗ ಕಟ್ಟು ಅಲುಗಾಡಿ, ತುಂಡಾದ ಎಳೆಗಳು ಒಂದಕ್ಕೊಂದು ತಾಗಿಕೊಂಡು ಬೇಸಿಗೆಯೊಂದನ್ನು ದಾಟಿಸಿದ್ದವು, ಅಷ್ಟೇ.

ಕಟ್ಟಿನ ಮೇಲಿನ ಸುತ್ತು ಬಿಚ್ಚಿದಾಗ ಮೂವರೂ ಬಗ್ಗಿ ನೋಡಿದೆವು. ಹೆಣೆದುಕೊಂಡ ಜೋಡಿಯಲ್ಲಿ ಒಂದರ ಮೈಮೇಲೆ, ಬೆರಳಗಲ ಬಿಟ್ಟು ಬಿಟ್ಟು, ಮೂರು ತೂತುಗಳು. ಒಂದು ದೇವರಿಗೆ, ಒಂದು ಗಿರಾಕಿಗೆ, ಒಂದು ನಿಮ್ಮ ಸಮಾಧಾನಕ್ಕೆ. ಮೊದಲ ಎರಡರ ಮೇಲೆ ಕಂದು ಬಣ್ಣದ ಬೊಟ್ಟು, ಕಲ್ಲಿನಂತೆ ಗಟ್ಟಿ. ಆ ಬೊಟ್ಟಿನ ಕೆಳಗಿನ ತಾಮ್ರ ಇಷ್ಟು ಕಾಲದ ಮೇಲೂ ಹೊಸದರಂತೆ ಹೊಳೆಯುತ್ತಿತ್ತು, ಹೇಳಿದರೆ ನಂಬಿ. ಮೂರನೆಯದಕ್ಕೆ ಬೊಟ್ಟು ಇರಲಿಲ್ಲ. ಇರಲಿಲ್ಲವೆಂದರೆ, ಹಚ್ಚಿದ್ದಿರಿ, ಆದರೆ ಅದು ಕೂದಲೆಳೆಯಷ್ಟು ಆಚೆ, ಪಕ್ಕದ ವಯರಿನ ಮೇಲೆ ಕುಳಿತಿತ್ತು. ತೂತು ಬಾಯಿ ತೆರೆದುಕೊಂಡೇ ಉಳಿದಿತ್ತು. ಕಡಲ ಗಾಳಿ ಒಳಹೊಕ್ಕು ಸಂಸಾರ ಹೂಡಿ, ತಾಮ್ರವೆಲ್ಲ ಹಸಿರು ಪುಡಿಯಾಗಿತ್ತು. ಮುಟ್ಟಿದರೆ ಉದುರಿತು.

ಆ ಕ್ಷಣದಲ್ಲಿ ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಈ ಸಭೆಯಲ್ಲಿ ಓದುವಂತಿಲ್ಲ. ಚುಚ್ಚಬೇಡಿ ಎಂದಿದ್ದೆ. ಪೊರೆ ತೆಗೆಸಿ ಎಂದಿದ್ದೆ. ಮುಟ್ಟಿಲ್ಲ ಎಂದು ನನ್ನ ಮುಖದ ಮೇಲೆ ಹೇಳಿದಿರಿ. ಆ ಮಾತಿನಲ್ಲಿ ನೀವು ಸುಳ್ಳಾಡಲಿಲ್ಲ, ಹೆಡ್‌ಲೈಟಿನ ವಯರಿಗೇ ಚುಚ್ಚುತ್ತಿದ್ದೇನೆಂದು ನಿಜವಾಗಿ ನಂಬಿದ್ದಿರಿ. ಅದನ್ನು ಯೋಚಿಸಿದರೆ ಸಿಟ್ಟು ಇನ್ನೂ ಹೆಚ್ಚುತ್ತದೆ. ಚಂದ್ರ ಬಾಯಿಬಿಟ್ಟ: "ಹಂಗಾರೆ... ಮೇಸ್ತ್ರಿ ಮಾಡದ್ದಾ ಇದ್?" ನಾನು ಹೌದೆನ್ನಲು ಬಾಯಿ ತೆರೆದಿದ್ದೆ. ಶ್ವೇತಾ ನನಗಿಂತ ಮೊದಲು ಹೇಳಿದಳು. "ಅಜ್ಜ ಮೂರಕ್ಕೂ ಮೇಣ ಹಚ್ಚಿರ್, ಚಂದ್ರಣ್ಣ. ಒಂದ್ ತೂತ್ ಅವ್ರಿಗ್ ಕಾಂಬ್ಲಿಲ್ಲ."

ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಹೊಸ ತುಂಡುಗಳನ್ನು ಮೊದಲಿನಂತೆಯೇ ಹೆಣೆದು, ನೀವು ಕಲಿಸಿದ ಬೆಸುಗೆ ಹಾಕಿ, ನೀರು ಹೋಗದ ಕೊಳವೆ ಬಿಗಿದು ಅವಳೇ ಮುಗಿಸಿದಳು. ಚಂದ್ರ ಸುರಿಯುವ ಮಳೆಯಲ್ಲಿ ಎಡಚಕ್ರವನ್ನು ಬೇಕೆಂದೇ ಹೊಂಡಗಳಿಗೆ ಇಳಿಸುತ್ತ ಕೊಲ್ಲೂರಿಗೆ ಹೋಗಿ ಬಂದ. ಮುಳ್ಳುಗಳು ಅಲುಗಲಿಲ್ಲ. ಬಂದವನು ಅವಳೆದುರು ಪ್ರಸಾದದ ಪೊಟ್ಟಣ ಹಿಡಿದು ನಿಂತ. ಅಷ್ಟರಲ್ಲಿ ಶ್ವೇತಾ ಮೊಳೆಯ ಮೇಲೆ ಧೂಳು ಹಿಡಿದು ನೇತಾಡುತ್ತಿದ್ದ ನಿಮ್ಮ ಕೋಲನ್ನು ಇಳಿಸಿ, ಮೇಣವನ್ನು ಬೆಂಕಿಕಡ್ಡಿಗೆ ಹಿಡಿದಿದ್ದಳು. ಕತ್ತರಿಸಿ ಬಿಸಾಡಬೇಕಿದ್ದ ಆ ಹಳೆಯ ತುಂಡನ್ನು ಬೆಳಕಿಗೆ ಎತ್ತಿ, ಮೂರನೆಯ ತೂತಿಗೆ ಸರಿಯಾಗಿ ಒಂದು ಬೊಟ್ಟು ಇಟ್ಟಳು.

"ಇನ್ನ್ ಅದ್ಕೆ ಎಂತಕೆ ಮಾರಾಯ್ತಿ?" ಎಂದೆ.

"ಅಜ್ಜನ್ ಕೆಲ್ಸ ಸರ್. ಅರ್ಧ ಬಿಡುದ್ ಬ್ಯಾಡ."

ಇಷ್ಟು, ಮಾವ. ಈ ಸಭೆಯ ಎದುರು ನಿಮ್ಮ ಪರವಾಗಿ ನಾನು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೇ, ಮೇಸ್ತ್ರಿಯೇ ಹೇಳಿದ್ದಾರೆಂದು ಇಷ್ಟು ದಿನ ನಂಬಿದಿರಿ; ಮೇಸ್ತ್ರಿಯೇ ಬಿಟ್ಟುಕೊಟ್ಟಿದ್ದಾರೆಂದು ಇವತ್ತಿನಿಂದ ನಂಬಿ. ಆ ತುಂಡು ಈಗ ಮಕ್ಕಳ ಕೈಯಿಂದ ಕೈಗೆ ಹೋಗುತ್ತಿದೆ. ನಿಮ್ಮ ಟೆಸ್ಟ್ ಲ್ಯಾಂಪಿಗೆ ಹಾರ ಹಾಕಿ ಗೋಡೆಗೆ ಏರಿಸಬೇಕೆಂದು ಅತ್ತೆ ಹೇಳಿದರು, ನಾನು ಒಪ್ಪಲಿಲ್ಲ. ದಬ್ಬಳ ತೆಗೆದು ಮೊಂಡು ತುದಿ ಹಾಕಿದ್ದೇನೆ. ಹಾರ್ನಿಗೂ ಹೆಡ್‌ಲೈಟಿಗೂ ಅದು ಇನ್ನೂ ಬೇಕು, ದುಡಿಯಲಿ. ನಿಮಗೆ ತಿಳಿಯದ ಇನ್ನೊಂದು ಸುದ್ದಿ: ನನ್ನ ಎಡಗಣ್ಣಿಗೂ ಪೊರೆ ಬಂದಿತ್ತು. ತೆಗೆಸಿಕೊಂಡೆ. ನೋವೇ ಇಲ್ಲ, ಮಾವ. ಇಷ್ಟು ಸುಲಭದ ಕೆಲಸಕ್ಕೆ ನೀವು... ಬಿಡಿ.

ಇವತ್ತಿನಿಂದ ಇಲ್ಲಿ ಪಾಠ ಹೇಳುವವಳು ಶ್ವೇತಾ. ನಿಮ್ಮ ಬೆಂಚಿನ ಮೇಲೆ ಕುಳಿತು ಗೊಣಗುವ ಕೆಲಸ ನನ್ನದು. ಚುಚ್ಚಲು ಹೊರಟ ಕೈಯನ್ನು ಹಿಡಿಯುವೆನೆಂದು ನಿಮಗೆ ಮಾತು ಕೊಡುತ್ತೇನೆ. ಬರೆದದ್ದು ಇಷ್ಟೇ; ಬಾಯಿಮಾತನ್ನೂ ಉದ್ದ ಮಾಡುವಂತಿಲ್ಲ. ಮರವಂತೆಯಿಂದ ಬಂದ ಮೀನಿನ ವ್ಯಾನೊಂದು, ಮೀಟರಿನ ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದು, ಆಗಿನಿಂದ ಸಭೆಯ ಹಿಂದೆ ನಿಂತಿದೆ. ಅದರ ಡ್ರೈವರು ನನ್ನನ್ನೇ ನೋಡುತ್ತಿದ್ದಾನೆ, ಮತ್ತು ಹಿಂದಿನ ಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಏಳಿ ಮಕ್ಕಳೇ. ಯಾರೂ ಏನೂ ಮುಟ್ಟಬೇಡಿ. ಮೊದಲು ಅವನ ಹತ್ತಿರ ಹೋಗಿ ಎಲ್ಲಿ, ಯಾವಾಗ, ಹೇಗೆ ನಿಂತಿತೆಂದು ಕೇಳಿ. ಶ್ವೇತಾ, ಬ್ಯಾಟರಿಯ ತಂತಿ ಕಳಚು. ಐಸು ಕರಗುತ್ತಿದೆ, ಶುರುಮಾಡಿ.